ಶ್ರವಣ-ವಾಕ್ ತಜ್ಞ: ಕೆಲಸಕ್ಕೆ ಬರವಿಲ್ಲ, ಸಂಬಳಕ್ಕೆ ತಾಳ್ಮೆ ಬೇಕು

ಪಿಯುಸಿ ವಿಜ್ಞಾನ ಮುಗಿಸಿದ ವಿದ್ಯಾರ್ಥಿಯ ಮುಂದೆ ಬಹುತೇಕ ಮನೆಗಳಲ್ಲಿ ಇರುವುದು ಎರಡೇ ದಾರಿ. ಒಂದು ವೈದ್ಯಕೀಯ, ಇನ್ನೊಂದು ಎಂಜಿನಿಯರಿಂಗ್. ಮೊದಲನೆಯದಕ್ಕೆ ರ‍್ಯಾಂಕು ಸಾಲದೆ, ಎರಡನೆಯದರಲ್ಲಿ ಮನಸ್ಸಿಲ್ಲದೆ ನಡುದಾರಿಯಲ್ಲಿ ನಿಲ್ಲುವವರ ಸಂಖ್ಯೆ ಪ್ರತಿವರ್ಷವೂ ದೊಡ್ಡದೇ. ಅಂಥವರ ಕಣ್ಣಿಗೆ ಅಪರೂಪಕ್ಕೆ ಬೀಳುವ ಒಂದು ಕೋರ್ಸು ಬಿ.ಎ.ಎಸ್.ಎಲ್.ಪಿ. ಅರ್ಥಾತ್ ಶ್ರವಣಶಾಸ್ತ್ರ ಮತ್ತು ವಾಕ್-ಭಾಷಾ ಚಿಕಿತ್ಸೆಯ ಪದವಿ. ಹೆಸರು ಕೇಳಿದ ಕೂಡಲೇ ತಂದೆತಾಯಿಯರು ಕೇಳುವ ಪ್ರಶ್ನೆಗಳು ಎರಡು: ಇದನ್ನು ಓದಿದರೆ ಕೆಲಸ ಸಿಗುತ್ತದೆಯೆ? ಸಿಕ್ಕರೆ ಸಂಬಳ ಎಷ್ಟು?

ಮೊದಲ ಪ್ರಶ್ನೆಗೆ ಉತ್ತರ ಸುಲಭ. ಎರಡನೆಯದಕ್ಕೆ ಒಂದೇ ಮಾತಿನ ಉತ್ತರವಿಲ್ಲ. ಎಲ್ಲಿ ಕೆಲಸ, ಯಾರ ಕೈಕೆಳಗೆ, ಸ್ನಾತಕೋತ್ತರ ಪದವಿ ಇದೆಯೆ, ಎಷ್ಟು ವರ್ಷದ ಅನುಭವ ಎಂಬುದರ ಮೇಲೆ ಸಂಬಳ ಅಜಗಜಾಂತರವಾಗುತ್ತದೆ. ಕರ್ನಾಟಕದ ವಿದ್ಯಾರ್ಥಿಗಳು ಈ ವಿಷಯವನ್ನು ಉಳಿದವರಿಗಿಂತ ಚೆನ್ನಾಗಿ ತಿಳಿದಿರಬೇಕು. ಏಕೆಂದರೆ ಈ ಕ್ಷೇತ್ರದಲ್ಲಿ ದೇಶದ ಪ್ರಮುಖ ಸಂಸ್ಥೆ ಇರುವುದು ಮೈಸೂರಿನಲ್ಲಿಯೇ.

ಯಾರಿವರು? ಏನು ಮಾಡುತ್ತಾರೆ?

ಕಿವಿ, ಮೂಗು, ಗಂಟಲು ವೈದ್ಯರು ಬೇರೆ, ಶ್ರವಣತಜ್ಞರು ಬೇರೆ. ಕಿವಿ ಸೋರಿದರೆ, ತಮಟೆ ಹರಿದರೆ ಔಷಧಿ ಕೊಡುವುದು, ಶಸ್ತ್ರಚಿಕಿತ್ಸೆ ಮಾಡುವುದು ವೈದ್ಯರ ಕೆಲಸ. ಕಿವಿ ಎಷ್ಟು ಕೇಳುತ್ತದೆ, ಯಾವ ಸ್ವರ ಕೇಳುತ್ತದೆ, ಯಾವುದು ಕೇಳುವುದಿಲ್ಲ ಎಂದು ಅಳೆಯುವುದು, ತಕ್ಕ ಶ್ರವಣ ಸಾಧನವನ್ನು ಆರಿಸಿ ಹೊಂದಿಸುವುದು ಶ್ರವಣತಜ್ಞರ ಕೆಲಸ. ವಾಕ್-ಭಾಷಾ ತಜ್ಞರದು ಇದರ ಜೋಡಿ ವೃತ್ತಿ. ಜನಬಳಕೆಯಲ್ಲಿ ಇವರನ್ನೇ ಸ್ಪೀಚ್ ಥೆರಪಿಸ್ಟ್ ಎನ್ನುವುದು. ಭಾರತದಲ್ಲಿ ಪದವಿ ಹಂತದಲ್ಲಿ ಎರಡನ್ನೂ ಒಟ್ಟಿಗೆ ಕಲಿಸುತ್ತಾರೆ. ಸ್ನಾತಕೋತ್ತರ ಹಂತದಲ್ಲಿ ಒಂದನ್ನು ಆರಿಸಿಕೊಳ್ಳಬೇಕು.

ವಿಜ್ಞಾನದ ವಿದ್ಯಾರ್ಥಿಗೆ ಇದು ಅಪರಿಚಿತ ಲೋಕವೇನಲ್ಲ. ಪ್ರೌಢಶಾಲೆಯಲ್ಲಿ ಓದಿದ ಶಬ್ದದ ಪಾಠವೇ ಇದರ ಬುನಾದಿ. ಡೆಸಿಬೆಲ್ ಎಂಬುದು ಘಾತದ ಲೆಕ್ಕ. 10 ಡೆಸಿಬೆಲ್ ಏರಿದರೆ ಶಬ್ದದ ತೀವ್ರತೆ ಹತ್ತು ಪಟ್ಟಾಗುತ್ತದೆ. ಸಾಮಾನ್ಯ ಮಾತುಕತೆಯ ಮಟ್ಟ ಸುಮಾರು 60 ಡೆಸಿಬೆಲ್. ಎಂದರೆ ಶೂನ್ಯ ಡೆಸಿಬೆಲ್ ಶಬ್ದಕ್ಕಿಂತ ಅದರ ತೀವ್ರತೆ 10 ಲಕ್ಷ ಪಟ್ಟು. ಶ್ರವಣತಜ್ಞರು ಸಾಮಾನ್ಯವಾಗಿ 250ರಿಂದ 8,000 ಹರ್ಟ್ಸ್‌ವರೆಗಿನ ಸ್ವರಗಳನ್ನು ಒಂದೊಂದಾಗಿ ಕೇಳಿಸಿ, ಯಾವ ಮಟ್ಟದಲ್ಲಿ ಕಿವಿ ಗುರುತಿಸುತ್ತದೆ ಎಂಬುದರ ನಕ್ಷೆ ಬರೆಯುತ್ತಾರೆ. ಈ ನಕ್ಷೆಗೆ ಆಡಿಯೋಗ್ರಾಂ ಎಂದು ಹೆಸರು.

ಉತ್ತರ ಹೇಳಲಾರದ ಹಸುಗೂಸಿನ ಕಿವಿ ಪರೀಕ್ಷಿಸುವುದು ಹೇಗೆ? ಇದಕ್ಕೂ ದಾರಿಯಿದೆ. ಒಳಕಿವಿಯ ಕಾಕ್ಲಿಯಾದಲ್ಲಿರುವ ಹೊರರೋಮಕೋಶಗಳು ಶಬ್ದವನ್ನು ಸ್ವೀಕರಿಸುವುದಷ್ಟೇ ಅಲ್ಲ, ತಾವೂ ಅತಿ ಸೂಕ್ಷ್ಮ ಶಬ್ದವನ್ನು ಹೊರಹೊಮ್ಮಿಸುತ್ತವೆ. ಇದನ್ನು 1978ರಲ್ಲಿ ಬ್ರಿಟನ್ನಿನ ಡೇವಿಡ್ ಕೆಂಪ್ ಪ್ರಕಟಪಡಿಸಿದರು. ಮಗು ನಿದ್ರಿಸುತ್ತಿರುವಾಗ ಕಿವಿಗೆ ಪುಟ್ಟ ಮೈಕನ್ನು ಇಟ್ಟು ಈ ಮರುದನಿಯನ್ನು ಕೆಲವೇ ನಿಮಿಷಗಳಲ್ಲಿ ಹಿಡಿಯಬಹುದು. ಇದೇ ಓ.ಎ.ಇ. ಪರೀಕ್ಷೆ. ಸಂದೇಹ ಬಂದರೆ ತಲೆಗೆ ಎಲೆಕ್ಟ್ರೋಡ್ ಅಂಟಿಸಿ, ಶಬ್ದಕ್ಕೆ ಶ್ರವಣನರ ಮತ್ತು ಮಿದುಳುಕಾಂಡ ನೀಡುವ ವಿದ್ಯುತ್ ಪ್ರತಿಕ್ರಿಯೆಯನ್ನು ಅಳೆಯುವ ಬೇರಾ ಪರೀಕ್ಷೆ ಇದ್ದೇ ಇದೆ.

ವಾಕ್-ಭಾಷಾ ತಜ್ಞರ ಕಾರ್ಯಕ್ಷೇತ್ರ ಇನ್ನೂ ವಿಶಾಲ. ಉಗ್ಗುವವರು, ಸೀಳು ಅಂಗುಳಿನ ಮಕ್ಕಳು, ಆಟಿಸಂ ಇರುವ ಮಕ್ಕಳು, ಲಕ್ವ ಹೊಡೆದು ಮಾತು ಕಳೆದುಕೊಂಡ ಹಿರಿಯರು, ಗಂಟಲ ಕ್ಯಾನ್ಸರಿನಿಂದ ಧ್ವನಿಪೆಟ್ಟಿಗೆ ತೆಗೆಸಿಕೊಂಡವರು, ನುಂಗಲು ಕಷ್ಟಪಡುವವರು ಇವರ ಬಳಿ ಬರುತ್ತಾರೆ. ವರ್ಷಗಟ್ಟಲೆ ಎತ್ತರದ ದನಿಯಲ್ಲಿ ಪಾಠ ಮಾಡಿ ಗಂಟಲು ಕೆಡಿಸಿಕೊಂಡ ಶಿಕ್ಷಕರೂ ಗಾಯಕರೂ ಬರುತ್ತಾರೆ.

ಬೇಡಿಕೆ ಎಷ್ಟಿದೆ?

2011ರ ಜನಗಣತಿಯ ಪ್ರಕಾರ ದೇಶದಲ್ಲಿ ಶ್ರವಣದೋಷವುಳ್ಳವರು ಸುಮಾರು 50 ಲಕ್ಷ, ವಾಕ್‌ದೋಷವುಳ್ಳವರು ಸುಮಾರು 20 ಲಕ್ಷ. ವಯೋಸಹಜವಾಗಿ ಕಿವಿ ಮಂದವಾದ ಅಜ್ಜ ಅಜ್ಜಿಯರು ಜನಗಣತಿಯವರಿಗೆ ಅದನ್ನೊಂದು ದೋಷವೆಂದು ಹೇಳಿರುವ ಸಂಭವ ಕಡಿಮೆ. ಆದ್ದರಿಂದ ನಿಜವಾದ ಸಂಖ್ಯೆ ಇದಕ್ಕಿಂತ ಹೆಚ್ಚಿರಬೇಕು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೊರತಂದ ವರದಿಯಂತೆ ಜಗತ್ತಿನಲ್ಲಿ ಶ್ರವಣ ಪುನರ್ವಸತಿ ಬೇಕಾದವರು 43 ಕೋಟಿಗೂ ಹೆಚ್ಚು. 2050ರ ಹೊತ್ತಿಗೆ ಇದು 70 ಕೋಟಿ ದಾಟಲಿದೆ ಎಂದು ಅದರ ಅಂದಾಜು. ಸದಾ ಇಯರ್‌ಫೋನ್ ಸಿಕ್ಕಿಸಿಕೊಂಡು ದೊಡ್ಡ ದನಿಯಲ್ಲಿ ಹಾಡು ಕೇಳುವ ಯುವಜನರ ಕಿವಿಗೂ ಅಪಾಯವಿದೆ ಎಂದು ಅದೇ ವರದಿ ಎಚ್ಚರಿಸಿದೆ.

ಬೇಡಿಕೆಯ ತುರ್ತು ಹೆಚ್ಚಾಗಿ ಕಾಣುವುದು ಮಕ್ಕಳ ವಿಷಯದಲ್ಲಿ. ಕಿವಿ ಕೇಳದ ಮಗುವಿಗೆ ಮಾತೂ ಬರುವುದಿಲ್ಲ. ಭಾಷೆಗಾಗಿ ಮಿದುಳು ಹದವಾಗಿರುವುದು ಮೊದಲ ಕೆಲವು ವರ್ಷಗಳಲ್ಲಿ. ಆದ್ದರಿಂದ ಹುಟ್ಟಿದ 1 ತಿಂಗಳೊಳಗೆ ಶ್ರವಣ ತಪಾಸಣೆ, 3 ತಿಂಗಳೊಳಗೆ ದೋಷದ ಖಚಿತ ನಿರ್ಣಯ, 6 ತಿಂಗಳೊಳಗೆ ಚಿಕಿತ್ಸೆಯ ಆರಂಭ ಎಂಬುದು ತಜ್ಞರು ಒಪ್ಪಿರುವ ಸೂತ್ರ. ನಮ್ಮಲ್ಲಿ ಆಗುವುದೇನು? 'ಅವರಪ್ಪನಿಗೂ ಮಾತು ತಡವಾಗಿಯೇ ಬಂದಿತ್ತು' ಎಂದು ಮನೆಯವರು ಸಮಾಧಾನ ಹೇಳಿಕೊಳ್ಳುತ್ತಾರೆ. ಮೂರು ವರ್ಷ ಕಳೆದು, ಅಂಗನವಾಡಿಗೆ ಸೇರಿಸುವಾಗ ಕಣ್ಣು ತೆರೆಯುತ್ತದೆ. ಆಗಲೂ ತಜ್ಞರು ಇರುವುದು ನೂರು ಕಿಲೋಮೀಟರ್ ದೂರದ ನಗರದಲ್ಲಾದರೆ, ವಾರಕ್ಕೆರಡು ಸಲ ಮಗುವನ್ನು ಎತ್ತಿಕೊಂಡು ಬಸ್ಸು ಹತ್ತುವ ತಾಯಿ ಎಷ್ಟು ತಿಂಗಳು ಹೋಗಿಬರಬಲ್ಲಳು? ಕೂಲಿಯನ್ನು ಬಿಡಬೇಕು, ಇನ್ನೊಂದು ಮಗುವನ್ನು ಯಾರಿಗಾದರೂ ಒಪ್ಪಿಸಬೇಕು. ಆರೇಳು ವಾರದಲ್ಲಿ ಹೋಗುವುದೇ ನಿಂತುಬಿಡುತ್ತದೆ.

ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಚಿಕಿತ್ಸೆ ಬಂದಮೇಲೆ ಈ ಕೊರತೆ ಇನ್ನೂ ಎದ್ದು ಕಾಣುತ್ತಿದೆ. ಪೂರ್ಣ ಕಿವುಡಾದ ಮಗುವಿನ ಒಳಕಿವಿಗೆ ಎಲೆಕ್ಟ್ರೋಡುಗಳ ಎಳೆಯನ್ನು ಸೇರಿಸಿ ಶ್ರವಣನರವನ್ನು ನೇರವಾಗಿ ಪ್ರಚೋದಿಸುವ ಸಾಧನವಿದು. ಬೆಲೆ ಲಕ್ಷಗಳಲ್ಲಿ. ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಡಿ ಬಡ ಮಕ್ಕಳಿಗೆ ಇದು ದೊರೆಯುತ್ತದೆ. ಆದರೆ ಶಸ್ತ್ರಚಿಕಿತ್ಸೆ ಮುಗಿಯುವುದು ಕೆಲವೇ ಗಂಟೆಗಳಲ್ಲಿ. ಆ ಬಳಿಕ ಸಾಧನದ ಮಟ್ಟವನ್ನು ಮತ್ತೆ ಮತ್ತೆ ಹೊಂದಿಸುವುದು, ಶಬ್ದವನ್ನು ಗುರುತಿಸಲು ಕಲಿಸುವುದು, ಕೇಳಿದ್ದನ್ನು ಮಾತಾಗಿಸುವುದು ಒಂದೆರಡು ವರ್ಷಗಳ ಕೆಲಸ. ತರಬೇತಿ ತಪ್ಪಿದರೆ ಲಕ್ಷಾಂತರ ರೂಪಾಯಿಯ ಯಂತ್ರ ತಲೆಯ ಮೇಲಿದ್ದೂ ಮಗು ಮೂಕವಾಗಿಯೇ ಉಳಿಯಬಹುದು.

ಇಲ್ಲಿ ಮಾತೃಭಾಷೆಯ ಪ್ರಶ್ನೆಯೂ ಇದೆ. ಉಚ್ಚಾರಣೆ ತಿದ್ದುವವರಿಗೆ ಆ ಭಾಷೆಯ ಧ್ವನಿಗಳು ಗೊತ್ತಿರಲೇಬೇಕು. 'ಳ'ಕಾರ 'ಲ'ಕಾರಗಳ ವ್ಯತ್ಯಾಸ, ಅಲ್ಪಪ್ರಾಣ ಮಹಾಪ್ರಾಣಗಳ ವ್ಯತ್ಯಾಸ ಇಂಗ್ಲಿಷಿನ ಪಟ್ಟಿಯಲ್ಲಿ ಸಿಗುವುದಿಲ್ಲ. ಶ್ರವಣ ಪರೀಕ್ಷೆಗೆ ಕನ್ನಡದ ಪದಪಟ್ಟಿಗಳು, ಉಚ್ಚಾರಣೆಯ ಪರೀಕ್ಷೆಗಳು, ಲಕ್ವದ ನಂತರದ ಭಾಷಾನಷ್ಟವನ್ನು ಅಳೆಯುವ ಪರೀಕ್ಷೆಯ ಕನ್ನಡ ರೂಪ ಸಿದ್ಧವಾಗಿವೆ. ಅವನ್ನು ಬಳಸಬಲ್ಲ, ಹಳ್ಳಿಯ ಅಜ್ಜನ ಮಾತಿನ ಧಾಟಿ ಅರಿತ ಕನ್ನಡಿಗ ತಜ್ಞರು ಬೇಕು. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ವಿದ್ಯಾರ್ಥಿಗೆ ಭಾಷೆಯೇ ಬಂಡವಾಳವಾಗುವ ವಿಜ್ಞಾನದ ಕೆಲಸಗಳು ಹೆಚ್ಚಿಲ್ಲ. ಇದು ಅಂಥದೊಂದು.

ಓದು ಎಲ್ಲಿ? ಎಷ್ಟು ವರ್ಷ?

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲಿ ಆರಂಭವಾಯಿತು. ಇದು ಕೇಂದ್ರ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವಾಲಯದ ಅಧೀನದ ಸ್ವಾಯತ್ತ ಸಂಸ್ಥೆ. ಡಿಪ್ಲೊಮಾದಿಂದ ಪಿಎಚ್.ಡಿ.ವರೆಗೆ ಇಲ್ಲಿ ಓದಬಹುದು. ರಾಜ್ಯದಲ್ಲಿ ಇನ್ನೂ ಹಲವು ಕಡೆ ಈ ಪದವಿ ಇದೆ. ಬೆಂಗಳೂರಿನ ಡಾ. ಎಸ್.ಆರ್. ಚಂದ್ರಶೇಖರ್ ವಾಕ್ ಶ್ರವಣ ಸಂಸ್ಥೆ, ಮೈಸೂರು ಮತ್ತು ಧಾರವಾಡದ ಜೆಎಸ್ಎಸ್ ಸಂಸ್ಥೆಗಳು, ಮಣಿಪಾಲ ಮತ್ತು ಮಂಗಳೂರಿನ ಕಾಲೇಜುಗಳು ಇವುಗಳಲ್ಲಿ ಸೇರಿವೆ. ಸರ್ಕಾರಿ ಮತ್ತು ಖಾಸಗಿ ಸಂಸ್ಥೆಗಳ ಶುಲ್ಕದಲ್ಲಿ ಬಹಳ ಅಂತರವಿದೆ.

ಪದವಿಯ ಅವಧಿ 4 ವರ್ಷ. ಮೊದಲ 3 ವರ್ಷ ಪಾಠ ಮತ್ತು ಕ್ಲಿನಿಕ್ಕಿನ ಅಭ್ಯಾಸ, ಕೊನೆಯ ವರ್ಷ ಪೂರ್ತಿ ಇಂಟರ್ನ್‌ಶಿಪ್. ನಂತರ 2 ವರ್ಷದ ಎಂ.ಎಸ್ಸಿ. ಪ್ರವೇಶದ ನಿಯಮ, ಪಿಯುಸಿಯಲ್ಲಿ ಇರಬೇಕಾದ ವಿಷಯಗಳು, ಪ್ರವೇಶ ಪರೀಕ್ಷೆಯ ವಿಧಾನ ಇವುಗಳಿಗೆ ಆಯಾ ವರ್ಷದ ಪ್ರಕಟಣೆಯನ್ನೇ ನೋಡಬೇಕು. ಹಿಂದಿನ ವರ್ಷ ಸೇರಿದವರ ಮಾತು ನಂಬಿ ಅರ್ಜಿಯ ಅವಧಿ ತಪ್ಪಿಸಿಕೊಳ್ಳಬಾರದು.

ಒಂದು ವರ್ಷದ ಡಿಪ್ಲೊಮಾವೂ ಇದೆ. ಅದನ್ನು ಮುಗಿಸಿದವರು ತಜ್ಞರ ಮಾರ್ಗದರ್ಶನದಲ್ಲಿ ಸಹಾಯಕರಾಗಿ ಕೆಲಸ ಮಾಡುತ್ತಾರೆ. ಡಿಪ್ಲೊಮಾ ಮತ್ತು ಪದವಿ ಎರಡೂ ಒಂದೇ ಎಂದು ಯಾರಾದರೂ ಹೇಳಿದರೆ ನಂಬಬೇಕಿಲ್ಲ.

ಸೇರುವ ಮುನ್ನ ನೋಡಲೇಬೇಕಾದದ್ದು ಕಾಲೇಜಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆ ಇದೆಯೇ ಎಂಬುದು. ಪರಿಷತ್ತಿನ ಕಾಯ್ದೆ 1992ರದು. ಅದರಂತೆ ಮಾನ್ಯತೆ ಪಡೆದ ಪದವಿ ಇದ್ದು, ಪರಿಷತ್ತಿನ ಕೇಂದ್ರ ನೋಂದಣಿ ಪುಸ್ತಕದಲ್ಲಿ ಹೆಸರಿದ್ದವರು ಮಾತ್ರ ಈ ವೃತ್ತಿ ನಡೆಸಬಹುದು. ಉಳಿದವರು ನಡೆಸಿದರೆ 1 ವರ್ಷದವರೆಗೆ ಸಜೆ ಅಥವಾ 1,000 ರೂ.ವರೆಗೆ ದಂಡ ಅಥವಾ ಎರಡೂ ಎಂದು ಕಾಯ್ದೆ ಹೇಳುತ್ತದೆ. ದಂಡದ ಮೊತ್ತ ನೋಡಿದರೆ, ಪದವಿಯಿಲ್ಲದವರು ಧೈರ್ಯವಾಗಿ ಬೋರ್ಡು ಹಾಕಿಕೊಳ್ಳುವುದೇಕೆ ಎಂಬುದು ಅರ್ಥವಾಗುತ್ತದೆ.

ಸಂಬಳದ ಲೆಕ್ಕ

ಸರ್ಕಾರಿ ಕೆಲಸದಿಂದ ಆರಂಭಿಸೋಣ. ಕೇಂದ್ರ ಸರ್ಕಾರಿ ಆಸ್ಪತ್ರೆ, ಸಂಸ್ಥೆಗಳಲ್ಲಿ ಈ ಹುದ್ದೆಗಳ ವೇತನ ಆಯಾ ದರ್ಜೆಗೆ ತಕ್ಕಂತೆ ಇರುತ್ತದೆ. 2016ರಿಂದ ಜಾರಿಗೆ ಬಂದ 7ನೇ ವೇತನ ಆಯೋಗದ ಪಟ್ಟಿಯಲ್ಲಿ 6ನೇ ಹಂತದ ಆರಂಭಿಕ ಮೂಲವೇತನ 35,400 ರೂ., 7ನೇ ಹಂತದ್ದು 44,900 ರೂ. ಇದರ ಮೇಲೆ ತುಟ್ಟಿಭತ್ಯೆ, ಮನೆಬಾಡಿಗೆ ಭತ್ಯೆ. ಬೋಧನೆಗೆ ಹೋಗಿ ಯು.ಜಿ.ಸಿ. ಶ್ರೇಣಿಯ ಸಹಾಯಕ ಪ್ರಾಧ್ಯಾಪಕರಾದರೆ ಅದೇ ಕಾಲದ ಶ್ರೇಣಿಯಲ್ಲಿ ಆರಂಭಿಕ ಮೂಲವೇತನ 57,700 ರೂ. ಇವೆಲ್ಲ ನೆಮ್ಮದಿಯ ಸಂಬಳಗಳೇ. ಆದರೆ ಕಾಯಂ ಹುದ್ದೆಗಳು ಕಡಿಮೆ, ಸ್ಪರ್ಧೆ ಹೆಚ್ಚು. ಎಂ.ಎಸ್ಸಿ. ಇಲ್ಲದೆ ಬೋಧನೆಯ ಕಡೆ ನೋಡುವಂತೆಯೇ ಇಲ್ಲ.

ಜಿಲ್ಲಾ ಮಟ್ಟದಲ್ಲಿ ಇನ್ನೊಂದು ಬಗೆಯ ಅವಕಾಶವಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲಾ ಶೀಘ್ರ ಪತ್ತೆ ಮತ್ತು ಚಿಕಿತ್ಸಾ ಕೇಂದ್ರಗಳಿಗೆ ಶ್ರವಣ-ವಾಕ್ ತಜ್ಞರ ಹುದ್ದೆ ನಿಗದಿಯಾಗಿದೆ. ಇವು ಹೆಚ್ಚಾಗಿ ಗುತ್ತಿಗೆ ಹುದ್ದೆಗಳು. ಗೌರವಧನ ನಿಗದಿತ, ಬಡ್ತಿ ಇಲ್ಲ, ಪ್ರತಿವರ್ಷ ನವೀಕರಣದ ಚಿಂತೆ. ಅತ್ಯಂತ ಅಗತ್ಯವಿರುವ ಜಾಗದಲ್ಲಿಯೇ ಕೆಲಸಕ್ಕೆ ಭದ್ರತೆ ಇಲ್ಲದಿರುವುದರಿಂದ, ಒಂದೆರಡು ವರ್ಷ ಅನುಭವ ಪಡೆದವರು ನಗರಕ್ಕೆ ಹೊರಟುಹೋಗುತ್ತಾರೆ. ಪುನಃ ಆ ತಾಯಿ ಬಸ್ಸು ಹತ್ತಬೇಕಾಗುತ್ತದೆ.

ಖಾಸಗಿ ಆಸ್ಪತ್ರೆ, ಕ್ಲಿನಿಕ್ಕು, ಮಕ್ಕಳ ಚಿಕಿತ್ಸಾ ಕೇಂದ್ರಗಳಲ್ಲಿ ಕೆಲಸ ಬೇಗ ಸಿಗುತ್ತದೆ. ಹೊಸದಾಗಿ ಪದವಿ ಪಡೆದವರಿಗೆ ನಗರಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಸಂಬಳ ತಿಂಗಳಿಗೆ 25 ಸಾವಿರದಿಂದ 40 ಸಾವಿರ ರೂ. ಸಣ್ಣ ಊರುಗಳಲ್ಲಿ ಇನ್ನೂ ಕಡಿಮೆ. ಒಳ್ಳೆಯ ಸಾಫ್ಟ್‌ವೇರ್ ಕಂಪನಿಗೆ ಸೇರಿದ ಸಹಪಾಠಿಯ ಸಂಬಳದೊಡನೆ ಹೋಲಿಸಿದರೆ ಮೊದಲ ಐದು ವರ್ಷ ಬೇಸರವಾಗುವುದು ಸಹಜ. ಎಂ.ಎಸ್ಸಿ. ಮತ್ತು ಅನುಭವ ಸೇರಿದ ಮೇಲೆ ಏರಿಕೆ ಕಾಣುತ್ತದೆ.

ಸ್ವಂತ ಕ್ಲಿನಿಕ್ ತೆರೆದರೆ? ಇಲ್ಲೊಂದು ಸರಳ ಲೆಕ್ಕ ಮಾಡಬಹುದು. ಒಂದು ಚಿಕಿತ್ಸಾ ಪಾಠಕ್ಕೆ 45 ನಿಮಿಷ ಬೇಕು. ಪೋಷಕರಿಗೆ ಮನೆಪಾಠ ವಿವರಿಸಿ, ದಾಖಲೆ ಬರೆಯುವ ಹೊತ್ತೂ ಸೇರಿದರೆ ದಿನಕ್ಕೆ ಆರು ಮಂದಿಯನ್ನು ಚೆನ್ನಾಗಿ ನೋಡಬಹುದು. ಒಬ್ಬರಿಗೆ 500 ರೂ. ಎಂದಿಟ್ಟುಕೊಂಡರೆ 25 ದಿನಕ್ಕೆ 75 ಸಾವಿರ ರೂ. ಇದರಲ್ಲಿ ಬಾಡಿಗೆ, ವಿದ್ಯುತ್, ಸಹಾಯಕರ ಸಂಬಳ ಕಳೆಯಬೇಕು. ಮಗುವಿಗೆ ಜ್ವರ ಬಂದು ತಪ್ಪಿದ ಪಾಠಗಳನ್ನೂ ಕಳೆಯಬೇಕು. ಶ್ರವಣ ಪರೀಕ್ಷೆಗೆ ಶಬ್ದನಿರೋಧಕ ಕೋಣೆ, ಯಂತ್ರಗಳು ಎಂದರೆ ಬಂಡವಾಳ ಲಕ್ಷಗಳ ಲೆಕ್ಕ. ಹೆಸರು ನಿಲ್ಲಲು ಮೂರ್ನಾಲ್ಕು ವರ್ಷ ಬೇಕು. ಮನೆಯ ಒಂದು ಕೋಣೆಯಲ್ಲೇ ವಾಕ್ ಚಿಕಿತ್ಸೆ ಆರಂಭಿಸಲು ಸಾಧ್ಯವಿರುವುದು ಒಂದು ಅನುಕೂಲ.

ಶ್ರವಣ ಸಾಧನದ ವ್ಯಾಪಾರ ಮೂರನೆಯ ದಾರಿ. ಸಂಬಳ ಬೇಗ ಏರುವುದು ಇಲ್ಲಿ. ಏಕೆಂದರೆ ಮಾರಾಟವಾದ ಪ್ರತಿ ಸಾಧನದ ಮೇಲೆ ಪ್ರೋತ್ಸಾಹಧನ ಇರುವುದು ಸಾಮಾನ್ಯ. ಸಾಧನಗಳ ಬೆಲೆ ಕೆಲವು ಸಾವಿರದಿಂದ ಲಕ್ಷ ದಾಟುವವರೆಗೆ ಇದೆ. ಯುವ ತಜ್ಞರಿಗೆ ಇಲ್ಲಿಯೇ ನಿಜವಾದ ಪರೀಕ್ಷೆ. ಪಿಂಚಣಿ ಹಣ ಹಿಡಿದು ಬಂದ ನಿವೃತ್ತರೊಬ್ಬರಿಗೆ ಸಾಧಾರಣ ಬೆಲೆಯ ಸಾಧನ ಸಾಕು ಎಂದು ಆಡಿಯೋಗ್ರಾಂ ಹೇಳುತ್ತಿರುವಾಗ, ತಿಂಗಳ ಗುರಿ ಮುಟ್ಟಲು ದುಬಾರಿಯದನ್ನು ದಾಟಿಸಬೇಕೆ? ದಾಟಿಸದವರಿಗೆ ಆದಾಯ ಕಡಿಮೆ ಎಂಬುದು ಸುಳ್ಳಲ್ಲ. ಆದರೆ ಒಮ್ಮೆ ಮೋಸಹೋದೆ ಎನಿಸಿದ ಹಿರಿಯರು ಸಾಧನವನ್ನು ಬೀರುವಿನಲ್ಲಿಟ್ಟು ಮತ್ತೆಂದೂ ತಜ್ಞರ ಬಳಿ ಸುಳಿಯುವುದಿಲ್ಲ, ಇನ್ನೊಬ್ಬರನ್ನೂ ಕಳಿಸುವುದಿಲ್ಲ. ಕೆಲಸಕ್ಕೆ ಸೇರುವಾಗಲೇ ಸಂಬಳದಲ್ಲಿ ಎಷ್ಟು ಪಾಲು ಮಾರಾಟವನ್ನು ಅವಲಂಬಿಸಿದೆ ಎಂದು ಕೇಳಿ ತಿಳಿಯುವುದು ಜಾಣತನ.

ವಿದೇಶದ ಆಕರ್ಷಣೆ

ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆಯ ಪ್ರಕಾರ 2024ರ ಮೇ ತಿಂಗಳಲ್ಲಿ ಅಲ್ಲಿನ ವಾಕ್-ಭಾಷಾ ತಜ್ಞರ ಮಧ್ಯಾಂಕ ವಾರ್ಷಿಕ ವೇತನ 95,410 ಡಾಲರ್, ಶ್ರವಣತಜ್ಞರದು 92,120 ಡಾಲರ್. 2024ರಿಂದ 2034ರೊಳಗೆ ವಾಕ್-ಭಾಷಾ ತಜ್ಞರ ಉದ್ಯೋಗ ಶೇ. 15ರಷ್ಟು ಹೆಚ್ಚಲಿದೆ ಎಂದು ಅದೇ ಇಲಾಖೆ ಅಂದಾಜಿಸಿದೆ. ಅಲ್ಲಿ ಬಹಳಷ್ಟು ವಾಕ್-ಭಾಷಾ ತಜ್ಞರು ಕೆಲಸ ಮಾಡುವುದು ಶಾಲೆಗಳಲ್ಲಿ. ನಮ್ಮ ಶಾಲೆಗಳಲ್ಲಿ ಇಂಥ ಹುದ್ದೆ ಇನ್ನೂ ಅಪರೂಪ.

ಆದರೆ ಡಾಲರನ್ನು ರೂಪಾಯಿಗೆ ಗುಣಿಸಿ ಕನಸು ಕಾಣುವ ಮುನ್ನ ಷರತ್ತುಗಳನ್ನು ನೋಡಬೇಕು. ಅಲ್ಲಿ ವಾಕ್ ಚಿಕಿತ್ಸೆಗೆ ಸ್ನಾತಕೋತ್ತರ ಪದವಿ ಬೇಕು, ಶ್ರವಣತಜ್ಞರಿಗೆ ಡಾಕ್ಟರೇಟ್ ಮಟ್ಟದ ವೃತ್ತಿಪದವಿ ಬೇಕು. ಆಯಾ ರಾಜ್ಯದ ಪರವಾನಗಿ, ಇಂಗ್ಲಿಷಿನ ಪರೀಕ್ಷೆ, ವೀಸಾ ಇವೆಲ್ಲ ಬೇರೆ. ಮಾತೇ ವೃತ್ತಿಯಾದ್ದರಿಂದ ಆ ನಾಡಿನ ಉಚ್ಚಾರಣೆಯೂ ಕರಗತವಾಗಿರಬೇಕು. ಇಷ್ಟಕ್ಕೂ ಸಿದ್ಧರಿದ್ದು ಹೋಗಿ ನೆಲೆಸಿದ ಮೈಸೂರಿನ ಹಳೆಯ ವಿದ್ಯಾರ್ಥಿಗಳು ಇದ್ದಾರೆ. ಆದರೂ ಬರಿಯ ವಿದೇಶಕ್ಕಾಗಿಯೇ ಈ ಕೋರ್ಸು ಸೇರುವುದು ಸರಿಯಾದ ಲೆಕ್ಕಾಚಾರವಲ್ಲ.

ಯಾರಿಗೆ ಒಪ್ಪುತ್ತದೆ?

ವೈದ್ಯಕೀಯ ಸೀಟು ತಪ್ಪಿತೆಂಬ ಕಾರಣಕ್ಕೆ ಮಾತ್ರ ಸೇರಿದವರು ಎರಡನೆಯ ವರ್ಷಕ್ಕೇ ಬೇಸರಪಡುತ್ತಾರೆ. ಇದು ಔಷಧಿ ಬರೆದುಕೊಡುವ ವೃತ್ತಿಯಲ್ಲ. 'ಅಪ್ಪ' ಎಂಬ ಒಂದು ಪದಕ್ಕಾಗಿ ಮಗುವಿನೊಡನೆ ನೆಲದ ಮೇಲೆ ಕುಳಿತು ವಾರಗಟ್ಟಲೆ ಆಟವಾಡಬೇಕು. ಲಕ್ವವಾದ ಮೇಷ್ಟರೊಬ್ಬರಿಗೆ ಲೋಟ, ತಟ್ಟೆಗಳ ಹೆಸರನ್ನು ಮತ್ತೆ ಹೇಳಿಕೊಡಬೇಕು. ಸುಧಾರಣೆ ನಿಧಾನ, ಕೆಲವೊಮ್ಮೆ ಆಗುವುದೇ ಇಲ್ಲ. ತಾಳ್ಮೆ, ಸ್ಪಷ್ಟ ಮಾತು, ಮಕ್ಕಳಲ್ಲಿ ಅಕ್ಕರೆ ಇದ್ದು, ಭೌತಶಾಸ್ತ್ರ, ಜೀವಶಾಸ್ತ್ರ, ಮನಃಶಾಸ್ತ್ರ, ಭಾಷಾಶಾಸ್ತ್ರ ನಾಲ್ಕರಲ್ಲೂ ಸ್ವಲ್ಪ ಸ್ವಲ್ಪ ಆಸಕ್ತಿ ಇರುವವರಿಗೆ ಇದು ಒಗ್ಗುತ್ತದೆ.

ತೀರ್ಮಾನಕ್ಕೆ ಮುನ್ನ ಪೋಷಕರು, ಮಕ್ಕಳು ಮಾಡಬಹುದಾದ ಕೆಲಸಗಳು ಮೂರು. ಮೊದಲನೆಯದು, ಹತ್ತಿರದ ವಾಕ್ ಶ್ರವಣ ಕೇಂದ್ರಕ್ಕೆ ಅನುಮತಿ ಪಡೆದು ಹೋಗಿ, ಅರ್ಧ ದಿನ ಕುಳಿತು ಅಲ್ಲಿನ ಕೆಲಸವನ್ನು ನೋಡುವುದು. ಎರಡನೆಯದು, ಸೇರಬೇಕೆಂದಿರುವ ಕಾಲೇಜಿನ ಮಾನ್ಯತೆ ಯಾವ ವರ್ಷದವರೆಗೆ ಇದೆ, ಕ್ಲಿನಿಕ್ಕಿಗೆ ದಿನಕ್ಕೆ ಎಷ್ಟು ಮಂದಿ ಬರುತ್ತಾರೆ ಎಂದು ವಿಚಾರಿಸುವುದು. ರೋಗಿಗಳೇ ಬಾರದ ಕಾಲೇಜಿನಲ್ಲಿ ಈ ವಿದ್ಯೆ ಕೈಗೆ ಹತ್ತುವುದಿಲ್ಲ. ಮೂರನೆಯದು, ಓದಿನ ಖರ್ಚನ್ನು 4 ವರ್ಷಕ್ಕಲ್ಲ, ಎಂ.ಎಸ್ಸಿ. ಸೇರಿ 6 ವರ್ಷಕ್ಕೆ ಲೆಕ್ಕ ಹಾಕುವುದು. ಖಾಸಗಿ ಕಾಲೇಜಿನ ಶುಲ್ಕಕ್ಕೆ ಸಾಲ ಮಾಡುವುದಾದರೆ, ತಿಂಗಳ ಕಂತು ಮೊದಲ ಸಂಬಳದ ಮೂರರಲ್ಲಿ ಒಂದು ಭಾಗ ಮೀರದಂತೆ ನೋಡಿಕೊಳ್ಳಬೇಕು.

ಹೀಗೆ ನೋಡಿ, ಕೇಳಿ, ಲೆಕ್ಕ ಹಾಕಿದ ಮೇಲೂ ಮನಸ್ಸು ಒಪ್ಪಿದರೆ ಧೈರ್ಯವಾಗಿ ಅರ್ಜಿ ಹಾಕಬಹುದು. ಪದವಿ ಕೈಯಲ್ಲಿ ಹಿಡಿದು ಕೆಲಸಕ್ಕಾಗಿ ಅಲೆಯುವ ಪರಿಸ್ಥಿತಿ ಈ ಕ್ಷೇತ್ರದಲ್ಲಿ ಸದ್ಯಕ್ಕೆ ಕಾಣುತ್ತಿಲ್ಲ. ಜಿಲ್ಲಾ ಕೇಂದ್ರಗಳಲ್ಲಿ, ತಾಲ್ಲೂಕುಗಳಲ್ಲಿ ಇಂಥವರ ದಾರಿ ಕಾಯುತ್ತಿರುವ ಮಕ್ಕಳು ಎಷ್ಟೋ ಮಂದಿ ಇದ್ದಾರೆ.